ಹದಿನಾರು ಚುಕ್ಕಿ, ಮೂವತ್ತೆರಡು ಗೆರೆ

ಬೆಳಗಿನ ಆರು ಗಂಟೆ. ಶುಕ್ರವಾರ. ದೀಪಾವಳಿಗೆ ಇನ್ನು ಮೂರೇ ದಿನ. ಸೌತ್ ಎಂಡ್ ಸರ್ಕಲ್ಲಿನಲ್ಲಿ ಮೆಟ್ರೊ ಇಳಿದು ಜಯನಗರದೊಳಕ್ಕೆ ಕಾಲಿಡುತ್ತಿದ್ದಂತೆ ಆಕಾಶಮಲ್ಲಿಗೆಯ ಘಮ ಬಂದು ಮೂಗಿಗೆ ತಾಕುತ್ತದೆ. ರಾತ್ರಿಯೆಲ್ಲ ಉದುರಿದ ನೀಳ ತೊಟ್ಟಿನ ಬಿಳಿ ಹೂಗಳು ಫುಟ್‌ಪಾತಿನ ಮೇಲೆ, ಕಾರಿನ ಗಾಜಿನ ಮೇಲೆ, ಯಾರದೋ ಸ್ಕೂಟರಿನ ಸೀಟಿನ ಮೇಲೆ ಹಾಸಿಕೊಂಡು ಬಿದ್ದಿವೆ. ಒಂದು ಕಿಟಕಿಯಿಂದ ಸುಪ್ರಭಾತ, ಪಕ್ಕದ ಕಿಟಕಿಯಿಂದ ಕುಕ್ಕರಿನ ಮೊದಲ ಸೀಟಿ. ಮಳೆಮರಗಳ ಕೊಂಬೆಗಳು ರಸ್ತೆಯ ಎರಡೂ ಬದಿಯಿಂದ ಬಾಗಿ ನಡುವೆ ಕೈ ಹಿಡಿದುಕೊಂಡಿವೆ. ಕೆಳಗೆ ಇನ್ನೂ ನಸುಗತ್ತಲು, ಮೇಲೆ ತುದಿಯೆಲೆಗಳಿಗೆ ಮಾತ್ರ ಬೆಳಕು.

ಈ ಬಡಾವಣೆಗೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಆಗ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ ಅದನ್ನು ಇಟ್ಟರು. ಅದರ ಗುರುತಾಗಿ ಅಶೋಕ ಸ್ತಂಭ ಈಗಲೂ ನಿಂತಿದೆ. ಹೆಸರು ಜಯಚಾಮರಾಜ ಒಡೆಯರದು. ಆದರೆ ನನ್ನನ್ನು ಇಲ್ಲಿಗೆ ಕರೆತಂದದ್ದು ಹೆಸರಲ್ಲ, ಅಂಕಿ. ಜಯನಗರದಲ್ಲಿ ಮನೆಯನ್ನು ಅಂಕಿಯಿಂದಲೇ ಹುಡುಕಬೇಕು. ಹನ್ನೊಂದನೇ ಮೇನು, ಮೂವತ್ತನೇ ಕ್ರಾಸು, ಎರಡನೇ ಮಹಡಿ. ಮೇನುಗಳೆಲ್ಲ ಒಂದು ದಿಕ್ಕಿಗೆ ಓಡುತ್ತವೆ, ಕ್ರಾಸುಗಳು ಅವನ್ನು ಅಡ್ಡ ಹಾಯುತ್ತವೆ, ಮಹಡಿ ಮೇಲಕ್ಕೆ ಏರುತ್ತದೆ. ಈ ಮೂರು ಸಂಖ್ಯೆ ಕೈಯಲ್ಲಿದ್ದರೆ ಪೋಸ್ಟ್‌ಮ್ಯಾನಿಗೆ ಯಾವ ಬಾಗಿಲೂ ತಪ್ಪುವುದಿಲ್ಲ. ಉದ್ದ, ಅಗಲ, ಎತ್ತರ ಎಂದು ಶಾಲೆಯಲ್ಲಿ ಕಲಿತ ಮೂರು ಆಯಾಮಗಳನ್ನು ಈ ಬಡಾವಣೆಯ ಮಕ್ಕಳು ವಿಳಾಸ ಬರೆಯುತ್ತಲೇ ಕಲಿತುಬಿಡುತ್ತಾರೆ.

ನಾನು ಹುಡುಕಿಕೊಂಡು ಹೊರಟಿರುವುದು ನಾಲ್ಕನೆಯ ಅಂಕಿಯನ್ನು. ಮೇನಿಗೂ ಕ್ರಾಸಿಗೂ ಮಹಡಿಗೂ, ಮೂರಕ್ಕೂ ನೇರ ಅಡ್ಡವಾಗಿ ಹೋಗುವ ಇನ್ನೊಂದು ದಿಕ್ಕನ್ನು. ಅದನ್ನು ಕೈ ತೋರಿಸಿ ಹೇಳಲು ಯಾರಿಗೂ ಆಗದು. ಆದರೆ ಇನ್ನೂರು ವರ್ಷಗಳಿಂದ ಗಣಿತ ಬಲ್ಲವರು ಆ ದಿಕ್ಕಿನಲ್ಲಿ ಮನೆ ಕಟ್ಟಿದ್ದಾರೆ, ಅದರ ಮೂಲೆ ಎಣಿಸಿದ್ದಾರೆ, ಅದರ ನೆರಳನ್ನು ಕಾಗದದ ಮೇಲೆ ಇಳಿಸಿದ್ದಾರೆ. ಅಂಥ ಒಂದು ನೆರಳು ನನ್ನ ಜೋಳಿಗೆಯ ನೋಟ್‌ಬುಕ್ಕಿನಲ್ಲಿದೆ. ದಕ್ಷಿಣ ಬೆಂಗಳೂರಿನ ಬೀದಿಯಲ್ಲಿ ಇಡೀ ದಿನ ಅದನ್ನು ಹಿಡಿದು ತಿರುಗಬೇಕೆಂದು ಬಂದಿದ್ದೇನೆ.

ಮೂರನೇ ಬ್ಲಾಕಿನ ಒಂದು ಹಳೆಯ ಮನೆ. ಮುಂದೆ ತುಳಸಿಕಟ್ಟೆ, ಕೆಂಪು ಗಾರೆಯ ಮೆಟ್ಟಿಲು. ಎಪ್ಪತ್ತು ದಾಟಿದ ಅಮ್ಮನೊಬ್ಬರು ನೀರು ಚಿಮುಕಿಸಿದ ನೆಲದ ಮೇಲೆ ಬಗ್ಗಿ ಚುಕ್ಕಿ ಇಡುತ್ತಿದ್ದಾರೆ. ಹೆಬ್ಬೆರಳು ತೋರುಬೆರಳ ನಡುವಿನಿಂದ ಪುಡಿ ಜಾರುವ ಸದ್ದು ಕೂಡ ಕೇಳಿಸುವಷ್ಟು ಬೀದಿ ಮೌನವಾಗಿದೆ. ನಾನು ನಿಂತದ್ದು ನೋಡಿ ತಲೆ ಎತ್ತುತ್ತಾರೆ.

“ಏನಮ್ಮ, ಯಾರ ಮನೆ ಬೇಕಿತ್ತು?”

“ಯಾರ ಮನೆನೂ ಇಲ್ಲಮ್ಮ, ರಂಗೋಲಿ ನೋಡ್ತಾ ನಿಂತೆ,” ಎಂದು ನೋಟ್‌ಬುಕ್ಕು ತೆಗೆದು ತೋರಿಸುತ್ತೇನೆ. ಎಂಟು ಮೂಲೆಯ ಒಂದು ಹೊರಸುತ್ತು, ಅದರೊಳಗೆ ಎಂಟು ಮೊನೆಯ ನಕ್ಷತ್ರ, ಎರಡನ್ನೂ ಹೆಣೆದ ಗೆರೆಗಳು. ಅವರು ಕನ್ನಡಕ ಮೇಲೇರಿಸಿ, ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. “ಗೆರೆಯೆಲ್ಲ ಒಂದೇ ಅಳತೆ ಇದೆ ನೋಡು,” ಎನ್ನುತ್ತಾರೆ.

ನನಗೆ ರೋಮಾಂಚನ. ನಿಜಕ್ಕೂ ಅದೇ ಆ ಚಿತ್ರದ ಜೀವಾಳ. ಮೂವತ್ತೆರಡು ಗೆರೆ, ಮೂವತ್ತೆರಡೂ ಸಮ. ಗಣಿತದ ಪುಸ್ತಕ ಓದಿ ನಾನು ತಿಳಿದುಕೊಂಡದ್ದನ್ನು ಅವರ ಕಣ್ಣು ಒಂದು ನೋಟಕ್ಕೆ ಹಿಡಿದಿತ್ತು. ಇದು ನಾಲ್ಕು ಆಯಾಮದ ಘನದ ನೆರಳು, ಟೆಸರಾಕ್ಟ್ ಎನ್ನುತ್ತಾರೆ ಎಂದು ಹೇಳುತ್ತೇನೆ. ಚುಕ್ಕಿಯನ್ನು ಒಂದು ದಿಕ್ಕಿಗೆ ಎಳೆದರೆ ಗೆರೆ. ಗೆರೆಯನ್ನು ಅಡ್ಡಕ್ಕೆ ಎಳೆದರೆ ಚೌಕ. ಚೌಕವನ್ನು ಮೇಲಕ್ಕೆ ಎತ್ತಿದರೆ ಪೆಟ್ಟಿಗೆ. ಪೆಟ್ಟಿಗೆಯನ್ನು ಇನ್ನೊಂದು ಹೊಸ ದಿಕ್ಕಿಗೆ ಎಳೆದರೆ ಇದು. ಪ್ರತಿ ಸಲವೂ ಮೂಲೆಗಳು ಇಮ್ಮಡಿಯಾಗುತ್ತವೆ: ಎರಡು, ನಾಲ್ಕು, ಎಂಟು, ಹದಿನಾರು. ಅಮ್ಮ ತಲೆಯಾಡಿಸುತ್ತಾರೆ. “ನಮ್ಮ ಕಾಲದಲ್ಲಿ ಚುಕ್ಕಿ ಎಣಿಸದೆ ಗೆರೆ ಎಳೆಯೋ ಹಾಗೇ ಇರಲಿಲ್ಲ,” ಎಂದು ಮತ್ತೆ ನೆಲಕ್ಕೆ ಬಾಗುತ್ತಾರೆ.

ಮಾಧವನ್ ಪಾರ್ಕಿಗೆ ಬರುವಷ್ಟರಲ್ಲಿ ಬಿಸಿಲು ಎಲೆಗಳ ನಡುವೆ ಜರಡಿ ಹಿಡಿದಂತೆ ಇಳಿಯುತ್ತಿದೆ. ವಾಕಿಂಗ್ ಮುಗಿಸಿದ ಹಿರಿಯರ ಮಾತು, ಅಳಿಲುಗಳ ಚಿರಿಚಿರಿ. ನಾನು ಕುಳಿತ ಬೆಂಚಿನ ಇನ್ನೊಂದು ತುದಿಯಲ್ಲಿ ಮಫ್ಲರ್ ಸುತ್ತಿಕೊಂಡ ಒಬ್ಬರು. ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತರಾದವರು. ನನ್ನ ಚಿತ್ರದ ಮೇಲೆ ಅವರ ಕಣ್ಣು ಬೀಳುತ್ತದೆ.

“ನಾಲ್ಕನೇ ಆಯಾಮ ಅಂದ್ರೆ ಕಾಲ ಅಲ್ವೇನಮ್ಮ?”

ಎಲ್ಲರೂ ಕೇಳುವ ಪ್ರಶ್ನೆ, ಕೇಳಲೇಬೇಕಾದ ಪ್ರಶ್ನೆ. 1908ರಲ್ಲಿ ಹರ್ಮನ್ ಮಿಂಕೋವ್‌ಸ್ಕಿ ಐನ್‌ಸ್ಟೀನರ ಸಿದ್ಧಾಂತಕ್ಕೆ ರೂಪ ಕೊಡುವಾಗ ಕಾಲವನ್ನು ನಾಲ್ಕನೆಯದಾಗಿ ಸೇರಿಸಿದರು. ಆದರೆ ಕಾಲದಲ್ಲಿ ಹಿಂದಕ್ಕೆ ಹೆಜ್ಜೆ ಇಡಲಾಗದು, ಅಡ್ಡ ತಿರುಗಿ ನಿಲ್ಲಲಾಗದು. ನಾನು ಕೇಳುತ್ತಿರುವುದು ಉದ್ದ ಅಗಲ ಎತ್ತರಗಳಿಗೆ ಒಡಹುಟ್ಟಿದಂಥ, ಗಜಕಡ್ಡಿ ಇಟ್ಟು ಅಳೆಯಬಹುದಾದ ಇನ್ನೊಂದು ಅಳತೆ. ಇಷ್ಟು ಹೇಳಿ, ಮೂಲೆ ಹದಿನಾರು ಎಂದಾಗ ಮೇಷ್ಟ್ರು ಥಟ್ಟನೆ ನೆಟ್ಟಗೆ ಕೂರುತ್ತಾರೆ.

“ಹದಿನಾರಾ? ನಾಲ್ಕಕ್ಷರದ ಪ್ರಸ್ತಾರವೂ ಹದಿನಾರೇ!”

ಊರುಗೋಲಿನ ತುದಿಯಿಂದ ಮಣ್ಣಿನ ಮೇಲೆ ಅವರು ಲಘು–ಗುರುಗಳ ಎಲ್ಲ ಜೋಡಣೆಗಳ ಆ ಪಟ್ಟಿ ಬರೆಯತೊಡಗುತ್ತಾರೆ. ಲಘುವಿಗೆ ಒಂದು ಅರ್ಧಚಂದ್ರ, ಗುರುವಿಗೆ ಒಂದು ಅಡ್ಡಗೆರೆ. ಕನ್ನಡ ಶಾಲೆಯಲ್ಲಿ ಕಲಿತ ಯಾರಿಗೂ ‘ಯಮಾತಾರಾಜಭಾನಸಲಗಂ’ ಮರೆತುಹೋಗುವುದಿಲ್ಲ. ಮೂರು ಅಕ್ಷರಕ್ಕೆ ಒಂದು ಗಣ. ಪ್ರತಿ ಅಕ್ಷರವೂ ಲಘುವಾಗಬಹುದು, ಗುರುವಾಗಬಹುದು. ಆದ್ದರಿಂದ ಗಣಗಳು ಎಂಟು. ಇಷ್ಟು ಎಲ್ಲರಿಗೂ ಗೊತ್ತು. ಈಗ ಹೀಗೆ ನೋಡಿ. ಮೊದಲ ಅಕ್ಷರ ಲಘುವಾದರೆ ಎಡಕ್ಕೆ ನಿಲ್ಲಿ, ಗುರುವಾದರೆ ಬಲಕ್ಕೆ. ಎರಡನೆಯದು ಲಘುವಾದರೆ ಹಿಂದೆ, ಗುರುವಾದರೆ ಮುಂದೆ. ಮೂರನೆಯದು ಲಘುವಾದರೆ ನೆಲದಲ್ಲಿ, ಗುರುವಾದರೆ ಮಹಡಿಯಲ್ಲಿ. ಎಂಟು ಗಣಗಳು ಒಂದು ಕೋಣೆಯ ಎಂಟು ಮೂಲೆಗಳಲ್ಲಿ ಬಂದು ನಿಲ್ಲುತ್ತವೆ! ಮೂರೂ ಲಘುವಾದ ನಗಣ ಕೆಳಗಿನ ಒಂದು ಮೂಲೆಯಲ್ಲಿ. ಮೂರೂ ಗುರುವಾದ ಮಗಣ ಅದಕ್ಕೆ ನೇರ ಎದುರಿನ ಮೇಲುಮೂಲೆಯಲ್ಲಿ, ಕೋಣೆಯಲ್ಲೇ ಅತಿ ದೂರ. ನಗಣದ ಒಂದೇ ಒಂದು ಅಕ್ಷರವನ್ನು ಗುರು ಮಾಡಿದರೆ ಪಕ್ಕದ ಮೂಲೆಗೆ ನಡೆದಂತೆ. ಮೊದಲನೆಯದನ್ನು ಬದಲಿಸಿದರೆ ಭಗಣ, ನಡುವಿನದನ್ನು ಬದಲಿಸಿದರೆ ಜಗಣ, ಕೊನೆಯದನ್ನು ಬದಲಿಸಿದರೆ ಸಗಣ. ಅಲ್ಲಿಂದ ಇನ್ನೊಂದು ಹೆಜ್ಜೆಗೆ ತಗಣ, ರಗಣ, ಯಗಣ. ಮೂರನೇ ಹೆಜ್ಜೆಗೆ ಮಗಣ. ನಾಗವರ್ಮ ಹತ್ತನೇ ಶತಮಾನದಲ್ಲಿ ‘ಛಂದೋಂಬುಧಿ’ ಬರೆದ ದಿನದಿಂದ ಕನ್ನಡದ ಕವಿಗಳು ಈ ಕೋಣೆಯೊಳಗೇ ಓಡಾಡಿಕೊಂಡಿದ್ದಾರೆ.

“ಈಗ ಇನ್ನೊಂದು ಅಕ್ಷರ ಸೇರಿಸಿ ಸರ್,” ಎನ್ನುತ್ತೇನೆ.

ಊರುಗೋಲು ಒಂದು ಗಳಿಗೆ ಗಾಳಿಯಲ್ಲಿ ನಿಲ್ಲುತ್ತದೆ. ನಾಲ್ಕನೆಯ ಅಕ್ಷರಕ್ಕೆ ಜಾಗವೆಲ್ಲಿ? ಎಡ–ಬಲ ಮುಗಿಯಿತು, ಹಿಂದು–ಮುಂದು ಮುಗಿಯಿತು, ಕೆಳಗೆ–ಮೇಲೆ ಮುಗಿಯಿತು. ಆದರೂ ಕವಿತೆಗೆ ಅದು ಅಡ್ಡಿಯೇ ಅಲ್ಲ. ನಾಲಿಗೆ ನಾಲ್ಕನೆಯ ಅಕ್ಷರವನ್ನು ಸಲೀಸಾಗಿ ನುಡಿಯುತ್ತದೆ. ಎಂಟು ಗಣಗಳಿಗೂ ಒಂದೊಂದು ಲಘು, ಒಂದೊಂದು ಗುರು ಹತ್ತಿ ಹದಿನಾರಾಗುತ್ತವೆ. ಒಂದೊಂದರಿಂದಲೂ ಈಗ ನಾಲ್ಕು ದಾರಿ ಹೊರಡುತ್ತವೆ, ಅಕ್ಷರಕ್ಕೊಂದರಂತೆ. ಹದಿನಾರು ನಾಲ್ಕಲಿ ಅರವತ್ತನಾಲ್ಕು. ಪ್ರತಿ ದಾರಿಯನ್ನೂ ಎರಡು ತುದಿಯಿಂದ ಎರಡು ಸಲ ಎಣಿಸಿದ್ದೇವೆ, ಅರ್ಧ ಮಾಡಿದರೆ ಮೂವತ್ತೆರಡು. ಬೆಳಿಗ್ಗೆ ಅಮ್ಮ ಸಮ ಎಂದು ಗುರುತಿಸಿದ ಆ ಮೂವತ್ತೆರಡು ಗೆರೆಗಳು ಇವೇ. ಗುರುಗಳ ಲೆಕ್ಕದಲ್ಲಿ ವಿಂಗಡಿಸಿದರೆ ಗುರುವೇ ಇಲ್ಲದ್ದು ಒಂದು, ಒಂದು ಗುರುವಿನವು ನಾಲ್ಕು, ಎರಡಿನವು ಆರು, ಮೂರಿನವು ನಾಲ್ಕು, ನಾಲ್ಕೂ ಗುರುವಾದದ್ದು ಒಂದು. ಛಂದಸ್ಸಿನವರು ಮೇರುಪ್ರಸ್ತಾರ ಎನ್ನುವ ಗೋಪುರದ ಒಂದು ಸಾಲು ಅದು.

ಮೇಷ್ಟ್ರು ಮಣ್ಣಿನ ಮೇಲಿನ ಗುರುತುಗಳನ್ನು ಬಹಳ ಹೊತ್ತು ನೋಡುತ್ತಾರೆ. “ಇಷ್ಟು ವರ್ಷ ಇದನ್ನ ಬೋರ್ಡಿನ ಮೇಲೆ ಪಟ್ಟಿ ಮಾಡಿ ಬರೆಸಿದ್ದೀನಮ್ಮ. ಪಟ್ಟಿಗೆ ಆಕಾರ ಇದೆ ಅಂತ ಇವತ್ತೇ ನೋಡಿದ್ದು,” ಎನ್ನುತ್ತಾರೆ. ಅಂದು ಇಡೀ ದಿನ ನಾನು ಕಂಡದ್ದರಲ್ಲಿ ಆ ಮಣ್ಣಿನ ಬರಹಕ್ಕೆ ಸಮನಾದದ್ದು ಬೇರೊಂದಿಲ್ಲ. ಕಣ್ಣಿಗೆ ಕಾಣದ ದಿಕ್ಕು ಕಿವಿಗೆ ಕೇಳಿಸುತ್ತದೆ ಎಂದು ನಾನೆಂದೂ ಯೋಚಿಸಿರಲಿಲ್ಲ.

ಹಸಿರು ಮಾರ್ಗದ ರೈಲು ಬನಶಂಕರಿಗೆ ಹೊರಡುತ್ತದೆ. ಕಿಟಕಿಯಾಚೆ ತೆಂಗಿನ ತಲೆಗಳು, ತಾರಸಿಯ ಮೇಲೆ ಒಣಗುವ ಬಟ್ಟೆಗಳು, ಸಿಂಟೆಕ್ಸ್ ತೊಟ್ಟಿಗಳು. ಬೀದಿಯಿಂದ ಎಂದೂ ಕಾಣದ ಊರಿನ ಬೆನ್ನು. ಒಂದು ಆಯಾಮ ಮೇಲೇರಿದವರಿಗೆ ಕೆಳಗಿನವರ ಕಾಂಪೌಂಡು ಗೋಡೆ ಅಡ್ಡಿಯಾಗುವುದೇ ಇಲ್ಲ. ಇದು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಬನಶಂಕರಿ ಅಮ್ಮನ ಗುಡಿ ಕಟ್ಟಿದ್ದು 1915ರಲ್ಲಿ. ಶುಕ್ರವಾರ ಹತ್ತೂವರೆಗೆ ರಾಹುಕಾಲ. ಬೇರೆಡೆ ಜನ ಬಾಗಿಲು ಮುಚ್ಚಿ ಕೂರುವ ಹೊತ್ತಿಗೆ ಇಲ್ಲಿ ನೆರೆಯುತ್ತಾರೆ. ಕನಕಪುರ ರಸ್ತೆಯ ಬಸ್ಸುಗಳ ಹಾರ್ನು, ಗಂಟೆ, ಕುಂಕುಮದ ರಾಶಿ, ಹಳದಿ ಹಳದಿ ನಿಂಬೆಹಣ್ಣಿನ ಬುಟ್ಟಿಗಳು. ಹೆಂಗಸರು ನಿಂಬೆಯನ್ನು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಗು ಹೊರಗಾಗುವಂತೆ ತಿರುವುತ್ತಾರೆ. ಬಿಳಿ ಒಳಮೈ ಹೊರಗೆ ಬಂದು ಪುಟ್ಟ ಬಟ್ಟಲಾಗುತ್ತದೆ. ಅದಕ್ಕೆ ಎಣ್ಣೆ, ಬತ್ತಿ, ಬೆಂಕಿ. ನಿಂಬೆಯ ಒಗರು ವಾಸನೆ ಹೊಗೆಯೊಡನೆ ಬೆರೆತು ಗಂಟಲಿಗಿಳಿಯುತ್ತದೆ.

ಚಪ್ಪಲಿ ಬಿಡುವ ಕಡೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ನೂರಾರು ಜೋಡಿ. ಎಡದ್ದು ಬಲದ್ದು ಒಂದೇ ಅಳತೆ, ಒಂದೇ ಬಣ್ಣ, ಒಂದೇ ಚರ್ಮ. ಆದರೂ ಹೇಗೆ ತಿರುಗಿಸಿದರೂ ಎಡದ್ದು ಬಲದ್ದಾಗದು. ಗೋಕುಲಾಷ್ಟಮಿಗೆ ಬಾಗಿಲಿನಿಂದ ದೇವರ ಕೋಣೆಯವರೆಗೆ ಪುಟ್ಟ ಕೃಷ್ಣನ ಹೆಜ್ಜೆ ಬರೆಯುತ್ತೇವಲ್ಲ, ಅಂಥದೊಂದು ಎಡಹೆಜ್ಜೆಯನ್ನು ಕಾಗದದಲ್ಲಿ ಕತ್ತರಿಸಿ ನೆಲದ ಮೇಲಿಡಿ. ನೆಲದ ಮೇಲೆ ಎಷ್ಟೇ ಜಾರಿಸಿ, ಸುತ್ತಿಸಿ, ಎಡ ಎಡವೇ. ಒಂದೇ ಒಂದು ಸಲ ಎತ್ತಿ, ಮಗುಚಿ, ಮತ್ತೆ ನೆಲಕ್ಕಿಡಿ: ಬಲಹೆಜ್ಜೆ! ನೆಲಕ್ಕೆ ಗೊತ್ತಿಲ್ಲದ ಎತ್ತರದಲ್ಲಿ ಹಾದು ಬಂದದ್ದರಿಂದ ಅದು ಸಾಧ್ಯವಾಯಿತು. ಹಾಗೆಯೇ ನಮ್ಮ ಎಡಗಾಲಿನ ಚಪ್ಪಲಿಯನ್ನು ನಾಲ್ಕನೆಯ ದಿಕ್ಕಿಗೆ ಎತ್ತಿ ಮಗುಚಿದರೆ ಅದು ಬಲಗಾಲಿನದಾಗಿ ಇಳಿಯುತ್ತದೆ. ಆಗಸ್ಟ್ ಮೋಬಿಯಸ್ 1827ರಲ್ಲೇ ಇದನ್ನು ಕಂಡುಕೊಂಡಿದ್ದರು. ಚಪ್ಪಲಿ ಕಾಯುವ ತಾಯಿ ಟೋಕನ್ ಚಾಚುತ್ತಾ, “ಬೇಗ ಬಿಟ್ಟು ಹೋಗ್ರಮ್ಮ, ಹಿಂದೆ ಜನ ನಿಂತಿದಾರೆ,” ಎಂದು ಎಚ್ಚರಿಸುತ್ತಾರೆ.

ಮತ್ತೆ ರೈಲು. ರಾಷ್ಟ್ರೀಯ ವಿದ್ಯಾಲಯ ರಸ್ತೆಯಲ್ಲಿ ಇಳಿದು ಹಳದಿ ಮಾರ್ಗ ಹತ್ತಿದರೆ, 2025ರ ಆಗಸ್ಟಿನಲ್ಲಿ ತೆರೆದ ಬೊಮ್ಮಸಂದ್ರದವರೆಗಿನ ದಾರಿ. ರಾಗಿಗುಡ್ಡ ಬರುತ್ತದೆ; ರಾಗಿಯ ರಾಶಿಯೇ ಕಲ್ಲಾಗಿ ಗುಡ್ಡವಾಯಿತೆಂಬ ಕಥೆಯ ಗುಡ್ಡ, ನೆತ್ತಿಯ ಮೇಲೆ ಆಂಜನೇಯ. ಅಲ್ಲಿಂದಾಚೆ ರೈಲಿನ ಕೆಳಗೇ ಫ್ಲೈಓವರ್, ಫ್ಲೈಓವರಿನ ಕೆಳಗೆ ರಸ್ತೆ, ಒಂದರ ತಲೆಯ ಮೇಲೆ ಒಂದು. ಜಯದೇವ ಆಸ್ಪತ್ರೆಯ ನಿಲ್ದಾಣದಲ್ಲಿ ಇಳಿದು ಕಂಬಿಯ ಪಕ್ಕ ನಿಂತರೆ ಎದೆ ಝಲ್ಲೆನ್ನುತ್ತದೆ. ಎಲ್ಲಕ್ಕಿಂತ ಕೆಳಗೆ ಅಂಡರ್‌ಪಾಸು, ಅದರ ಮೇಲೆ ನೆಲದ ರಸ್ತೆ, ಅದರ ಮೇಲೆ ಫ್ಲೈಓವರು, ಅದರ ಮೇಲೆ ಹಳದಿ ಮಾರ್ಗ, ಅದರ ಮೇಲೂ ಗುಲಾಬಿ ಮಾರ್ಗದ ಸೇತುವೆ. ಐದು ಅಂತಸ್ತು. ಕೆಳಗಿನಿಂದ ಆಟೋಗಳ ಗುರುಗುರು, ನಡುವಿನಿಂದ ಟೈರುಗಳ ಸುಯ್ಲು. ಗಾಳಿಯಲ್ಲಿ ಡೀಸೆಲ್, ಯಾರೋ ಹುರಿಯುತ್ತಿರುವ ಕಡಲೆಕಾಯಿ.

ಇಲ್ಲಿಂದ ಕಾಣುವ ಬಿಟಿಎಂ ಬಡಾವಣೆಯ ಹೆಸರಿನೊಳಗೆ ಮೂರು ಊರು ಅಡಗಿವೆ: ಬೈರಸಂದ್ರ, ತಾವರೆಕೆರೆ, ಮಡಿವಾಳ. ಒಂದು ಕಾಗದ ತೆಗೆದುಕೊಳ್ಳಿ. ಒಂದು ಬದಿಗೆ ಈ ಮೂರು ಊರಿನ ಚುಕ್ಕಿ, ಇನ್ನೊಂದು ಬದಿಗೆ ಜಯನಗರ, ಜೆ.ಪಿ. ನಗರ, ಬನಶಂಕರಿಯ ಚುಕ್ಕಿ. ಈ ಮೂರರಿಂದ ಆ ಮೂರಕ್ಕೂ ಒಂದೊಂದು ರಸ್ತೆ ಎಳೆಯಿರಿ. ಒಂಬತ್ತು ರಸ್ತೆ, ಒಂದು ಇನ್ನೊಂದನ್ನು ಹಾಯಬಾರದು. ಎಂಟು ಎಳೆಯಬಹುದು, ಒಂಬತ್ತನೆಯದು ಎಲ್ಲಾದರೂ ಅಡ್ಡ ಬಂದೇ ಬರುತ್ತದೆ. ಎಷ್ಟು ಡೊಂಕು ಮಾಡಿದರೂ ಬಿಡುವುದಿಲ್ಲ. ಸಾಧ್ಯವಿಲ್ಲವೆಂದು ಗಣಿತ ಸಾಧಿಸಿ ತೋರಿಸಿದೆ. ಆದರೆ ಒಂದೇ ಒಂದು ಫ್ಲೈಓವರ್ ಕಟ್ಟಲು ಬಿಟ್ಟರೆ ತೊಡಕು ಮಾಯ. ನೆಲದ ಮೇಲೆ ಪರಿಹಾರವೇ ಇಲ್ಲದ ಇಕ್ಕಟ್ಟು, ಒಂದು ದಿಕ್ಕು ಹೆಚ್ಚು ಸಿಕ್ಕರೆ ಇಕ್ಕಟ್ಟೇ ಅಲ್ಲ. ಜಯದೇವ ಜಂಕ್ಷನ್ನು ಕಾಂಕ್ರೀಟಿನಲ್ಲಿ ಹೇಳುತ್ತಿರುವುದು ಇದನ್ನೇ.

ಕೆಳಗಿಳಿದು ಆಸ್ಪತ್ರೆಯ ಮುಂದೆ ಬರುತ್ತೇನೆ. ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತ ಕುಟುಂಬಗಳು. ಹಾಸನದವರು, ಕೋಲಾರದವರು, ದೂರದ ಬಳ್ಳಾರಿಯವರು. ಒಳಗೆ ಯಾರದೋ ಎದೆಗೆ ಚಿಕಿತ್ಸೆ ನಡೆಯುತ್ತಿದೆ. ರೈಲಿನಿಂದ ಕಂಡ ಕಾಂಪೌಂಡು ಗೋಡೆ ಈಗ ನೆನಪಾಗುತ್ತದೆ. ನೆಲದ ಮೇಲೆ ಬರೆದ ರಂಗೋಲಿಯ ಚೌಕದೊಳಗೆ ಒಂದು ಚಿಟಿಕೆ ಕುಂಕುಮ ಇದ್ದರೆ ಗೆರೆ ಅಳಿಸದೆ ನಾವು ಮೇಲಿನಿಂದ ಬೆರಳಿಟ್ಟು ತೆಗೆಯುತ್ತೇವೆ. ಆ ನೆಲದಲ್ಲೇ ಬದುಕುವ ಜೀವವೊಂದಿದ್ದರೆ ಅದಕ್ಕೆ ಇದು ಪವಾಡ. ನಾಲ್ಕನೆಯ ದಿಕ್ಕಿನಿಂದ ನೋಡುವವರಿಗೆ ನಮ್ಮ ದೇಹವೂ ಹಾಗೆಯೇ ತೆರೆದಿರುತ್ತದೆ. ಚರ್ಮ ಸೀಳದೆ, ಪಕ್ಕೆಲುಬು ಬಿಡಿಸದೆ, ಮಿಡಿಯುವ ಹೃದಯವನ್ನು ನೇರ ಮುಟ್ಟಬಹುದು. ನಮ್ಮ ವೈದ್ಯರಿಗೆ ಆ ದಿಕ್ಕಿಲ್ಲ. ಅವರು ಮಣಿಕಟ್ಟಿನ ಅಥವಾ ತೊಡೆಯ ರಕ್ತನಾಳದಲ್ಲಿ ಎಳೆಯಷ್ಟು ತೆಳುವಾದ ನಳಿಗೆ ತೂರಿಸಿ, ದೂರದ ದಾರಿ ಹಿಡಿದು ಹೃದಯ ತಲುಪುತ್ತಾರೆ. ಮೂರೇ ದಿಕ್ಕಿನೊಳಗೆ ಇಷ್ಟು ದೂರ ಹೋದವರ ಜಾಣ್ಮೆಗೆ ಆ ಮರದಡಿ ನಿಂತು ನನ್ನ ಕಣ್ಣು ತುಂಬಿಬರುತ್ತದೆ.

ಜೆ.ಪಿ. ನಗರದ ಮೂರನೇ ಹಂತದ ಒಂದು ಅಡ್ಡರಸ್ತೆಯಲ್ಲಿ ಹೊಸ ಮನೆ ಏಳುತ್ತಿದೆ. ಥರ್ಟಿ–ಫಾರ್ಟಿ ಸೈಟು. ಬೆಂಗಳೂರಿನ ಆಸೆಗೆಲ್ಲ ಇದೇ ಅಳತೆ: ಮೂವತ್ತಡಿ, ನಲವತ್ತಡಿ. ಮೇಸ್ತ್ರಿ ರಾಯಚೂರಿನ ಕಡೆಯವರು. ಮೂಲೆ ನೆಟ್ಟಗಿದೆಯೇ ಎಂದು ನೋಡಲು ಟೇಪು ಹಿಡಿದಿದ್ದಾರೆ: ಒಂದು ಬದಿಗೆ ಮೂರಡಿ, ಇನ್ನೊಂದಕ್ಕೆ ನಾಲ್ಕಡಿ, ನಡುವೆ ಓರೆಗೆ ಐದಡಿ ಬಂದರೆ ಸೈ. ಇಡೀ ಸೈಟಿನ ಓರೆಯೂ ಅಷ್ಟೇ, ಸರಿಯಾಗಿ ಐವತ್ತಡಿ. ನಾನು ಗೋಡೆಯ ಮೂಲೆ ತೋರಿಸುತ್ತೇನೆ. ಎರಡು ಗೋಡೆ ಕೂಡಿದ ಗೆರೆ ನೆಲಕ್ಕೆ ಮುಟ್ಟುವಲ್ಲಿ ಮೂರು ಅಂಚುಗಳು, ಒಂದಕ್ಕೊಂದು ಮೂಲೆಮಟ್ಟ. “ಇಲ್ಲೇ ನಾಲ್ಕನೇದೊಂದು, ಮೂರಕ್ಕೂ ಮೂಲೆಮಟ್ಟ ಬರೋ ಹಾಗೆ ಇಡೋದಾದ್ರೆ?”

ಮೇಸ್ತ್ರಿ ಮೂಲೆಯನ್ನೇ ದಿಟ್ಟಿಸುತ್ತಾರೆ. ತೂಗುಗುಂಡಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, “ಇರೋ ಜಾಗ ಎಲ್ಲಾ ಈ ಮೂರೇ ತಿಂದಾವ್ರೀ ಅಕ್ಕಾ. ನಾಲ್ಕನೇದು ಎಲ್ಲಿಡಬೇಕ್ರಿ?” ಎನ್ನುತ್ತಾರೆ. ಇದಕ್ಕಿಂತ ಖಚಿತವಾಗಿ ಯಾವ ಪುಸ್ತಕವೂ ಹೇಳಿಲ್ಲ. ಇಡಲು ಜಾಗವಿಲ್ಲ, ನಿಜ. ಅಳೆಯಲು ಮಾತ್ರ ಅಡ್ಡಿಯಿಲ್ಲ. ಅವರ ಟೇಪಿನ ಲೆಕ್ಕವನ್ನೇ ಮುಂದುವರಿಸಿದರೆ ಸಾಕು. ಹತ್ತಡಿಯ ಚೌಕಕ್ಕೆ ಓರೆ ಸುಮಾರು ಹದಿನಾಲ್ಕಡಿ; ಹತ್ತಡಿಯ ಕೋಣೆಗೆ ಕೆಳಮೂಲೆಯಿಂದ ಮೇಲುಮೂಲೆಗೆ ಹದಿನೇಳಡಿಗಿಂತ ಕೊಂಚ ಹೆಚ್ಚು. ನಾಲ್ಕು ದಿಕ್ಕಿಗೂ ಹತ್ತತ್ತು ಅಡಿ ಇರುವ ಕೋಣೆಗೆ? ನಾಲ್ಕು ನೂರುಗಳ ವರ್ಗಮೂಲ, ಸರಿಯಾಗಿ ಇಪ್ಪತ್ತಡಿ. ಚೌಕಕ್ಕೂ ಪೆಟ್ಟಿಗೆಗೂ ಸಿಗದ ತುಂಡಿಲ್ಲದ ಅಳತೆ ಯಾರೂ ಕಾಣದ ಆ ಕೋಣೆಗೆ ಸಿಗುತ್ತದೆ.

ಸಂಜೆ ನಾಲ್ಕನೇ ಬ್ಲಾಕಿಗೆ ಬಂದಾಗ ದೀಪಗಳು ಹತ್ತಿಕೊಂಡಿವೆ. ಕಾಲಿಡಲು ಜಾಗವಿಲ್ಲ. ಮಣ್ಣಿನ ಹಣತೆಯ ರಾಶಿ, ರಂಗೋಲಿ ಪುಡಿಯ ಬಣ್ಣಬಣ್ಣದ ಗುಡ್ಡೆಗಳು, ಬಟ್ಟೆಯಂಗಡಿಯ ಕೂಗು, ಮೆಣಸಿನಕಾಯಿ ಬಜ್ಜಿಯ ಎಣ್ಣೆಯ ಚಟಪಟ. ತಲೆಯ ಮೇಲೆಲ್ಲ ಆಕಾಶಬುಟ್ಟಿಗಳು: ಕಿತ್ತಳೆ, ಗುಲಾಬಿ, ನವಿಲುನೀಲಿ. ಒಂದು ಅಂಗಡಿಯ ಮುಂದೆ ಇನ್ನೂ ಕಾಗದ ಅಂಟಿಸದ, ಬರೀ ಕಡ್ಡಿಗಳ ಪೆಟ್ಟಿಗೆಯಾಕಾರದ ಬುಟ್ಟಿಯೊಂದು ಬಲ್ಬಿನ ಕೆಳಗೆ ತೂಗುತ್ತಿದೆ. ಅದರ ನೆರಳು ಫುಟ್‌ಪಾತಿನ ಮೇಲೆ. ಬಲ್ಬಿಗೆ ಹತ್ತಿರದ ಮುಖ ದೊಡ್ಡ ಚೌಕವಾಗಿ, ದೂರದ ಮುಖ ಸಣ್ಣ ಚೌಕವಾಗಿ, ಚೌಕದೊಳಗೊಂದು ಚೌಕ. ಬುಟ್ಟಿಯನ್ನು ಕೈಯಿಂದ ಮಗುಚಿದರೆ ನೆರಳಿನ ಒಳಚೌಕ ಓರೆಯಾಗಿ, ಉಬ್ಬಿ, ಹೊರಗೆ ಬಂದುಬಿಡುತ್ತದೆ. ಹೊರಗಿದ್ದದ್ದು ಕುಗ್ಗಿ ಒಳಸರಿಯುತ್ತದೆ. ನೆರಳು ಕಲಸಿಹೋಗುತ್ತದೆ, ಬುಟ್ಟಿಯ ಒಂದು ಕಡ್ಡಿಯೂ ಸಡಿಲಾಗಿರುವುದಿಲ್ಲ. ನಾಲ್ಕು ಆಯಾಮದ ಘನದ ನೆರಳು ನಮ್ಮ ಮೂರು ಆಯಾಮದ ಗಾಳಿಯಲ್ಲಿ ಬಿದ್ದರೆ ಹೀಗೆಯೇ ಕಾಣುತ್ತದೆ: ಪೆಟ್ಟಿಗೆಯೊಳಗೊಂದು ಪೆಟ್ಟಿಗೆ, ತಿರುಗಿದಂತೆ ಒಳಗಿನದು ಉಬ್ಬಿ ಹೊರಗಾಗುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಅದನ್ನು ನೋಡಿ ಗೊಂದಲಗೊಂಡವರು ಒಂದು ಸಂಜೆ ಇಲ್ಲಿ ಬಂದು ನಿಲ್ಲಬೇಕು.

ಮಿಠಾಯಿ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಹುಡುಗ ಚಪ್ಪಟೆ ರಟ್ಟುಗಳ ಅಟ್ಟಿ ಇಟ್ಟುಕೊಂಡು ಡಬ್ಬಿ ಮಾಡುತ್ತಿದ್ದಾನೆ. ಮಡಿಕೆಯ ಗೆರೆಯ ಮೇಲೆ ಹೆಬ್ಬೆರಳು ಒಮ್ಮೆ ಓಡುತ್ತದೆ, ನಾಲ್ಕು ರೆಕ್ಕೆ ಏಳುತ್ತವೆ, ಕಿವಿ ಸೀಳಿನೊಳಗೆ ಕೂರುತ್ತದೆ, ಟಪ್. ಚಪ್ಪಟೆಯದು ಕಣ್ಣೆದುರೇ ಪಾತ್ರೆಯಾಗುತ್ತದೆ. ಆರು ಚೌಕಗಳ ಶಿಲುಬೆಯನ್ನು ಮಡಿಸಿದರೆ ಘನ. ಘನವನ್ನು ಹಾಗೆ ಬಿಡಿಸಿಡುವ ಬಗೆ ಹನ್ನೊಂದು. ಎಂಟು ಘನಗಳನ್ನು ಜೋಡಿಸಿದ ಶಿಲುಬೆಯನ್ನು ನಾಲ್ಕನೆಯ ದಿಕ್ಕಿಗೆ ಮಡಿಸಿದರೆ ಟೆಸರಾಕ್ಟ್; ಅದನ್ನು ಬಿಡಿಸಿಡುವ ಬಗೆ ಇನ್ನೂರ ಅರವತ್ತೊಂದು. ಸ್ಪೇನಿನ ಸಾಲ್ವಡಾರ್ ಡಾಲಿ 1954ರಲ್ಲಿ ಕ್ರಿಸ್ತನನ್ನು ಅಂಥ ಎಂಟು ಘನಗಳ ಶಿಲುಬೆಯ ಮೇಲೆ ಚಿತ್ರಿಸಿದರು.

ರಟ್ಟಿನ ಕೆಲಸ ನೋಡುವಾಗ ನನಗೆ ನೆನಪಾಗುವವರು ಅಲಿಸಿಯಾ ಬೂಲ್ ಸ್ಟಾಟ್. ಅವರ ಕಥೆಯ ಒಂದು ಎಳೆ ನಮ್ಮ ಊರಿನಿಂದ ಹೊರಡುತ್ತದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ನೆಲದ ಮೇಲೆ ಸರಪಳಿ ಹಾಸಿ ಮೈಸೂರು ಸೀಮೆಯ ಸರ್ವೆಗೆ ಆಧಾರರೇಖೆ ಅಳೆದರು. ಅವರು ಆರಂಭಿಸಿದ ಭಾರತದ ಮಹಾ ಸರ್ವೆಯನ್ನು ಮುಂದುವರಿಸಿದವರು ಜಾರ್ಜ್ ಎವರೆಸ್ಟ್. ಆ ಎವರೆಸ್ಟರ ಸೋದರನ ಮಗಳು ಮೇರಿ. ಮೇರಿಯ ಮಗಳು ಈ ಅಲಿಸಿಯಾ, ಹುಟ್ಟಿದ್ದು 1860. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅಕ್ಕನ ಗಂಡ ಚಾರ್ಲ್ಸ್ ಹಿಂಟನ್, ಟೆಸರಾಕ್ಟ್ ಎಂಬ ಮಾತು ಹುಟ್ಟಿಸಿದವರು, ಬಣ್ಣ ಬಳಿದ ಮರದ ಘನಗಳನ್ನು ಮನೆಗೆ ತಂದಾಗ ಈಕೆಗೆ ಹದಿನೆಂಟರ ಆಸುಪಾಸು. ಆ ಆಟದಿಂದಲೇ ನಾಲ್ಕನೆಯ ಆಯಾಮ ಈಕೆಯ ಮನಸ್ಸಿಗೆ ಒಗ್ಗಿಹೋಯಿತು. ಮೂರು ಆಯಾಮದಲ್ಲಿ ಎಲ್ಲ ಬದಿಯೂ ಎಲ್ಲ ಮೂಲೆಯೂ ಸಮನಾದ, ಎಲ್ಲೂ ಒಳಗೆ ತಗ್ಗದ ಆಕೃತಿ ಐದೇ, ನಾಲ್ಕರಲ್ಲಿ ಆರು. ಆ ಆರನ್ನೂ ಕುಂಬಳಕಾಯಿ ಹೋಳು ಮಾಡಿದಂತೆ ಮನಸ್ಸಿನಲ್ಲೇ ಕೊಯ್ದು, ಒಂದೊಂದು ಹೋಳನ್ನೂ ರಟ್ಟಿನಲ್ಲಿ ಕಟ್ಟಿ ಬಣ್ಣ ಹಾಕಿದರು. ಅವುಗಳಲ್ಲೊಂದು, ಇಪ್ಪತ್ತನಾಲ್ಕು ಅಷ್ಟಮುಖಿಗಳಿಂದಾದದ್ದು, ನಮ್ಮ ಲೋಕದಲ್ಲಿ ನೆಂಟರೇ ಇಲ್ಲದ ಆಕೃತಿ. 1914ರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮನೆಗೆಲಸದ ನಡುವೆ, ಮಕ್ಕಳನ್ನು ಬೆಳೆಸುತ್ತಾ, ಕತ್ತರಿ ಗೋಂದು ಹಿಡಿದು ಆಕೆ ತಲುಪಿದ ಜಾಗಕ್ಕೆ ಇಂದಿಗೂ ಬಹಳ ಜನ ಹೋಗಲಾರರು.

ಹೂವಿನ ಸಾಲು. ಸೇವಂತಿಗೆಯ ಹಳದಿ, ಕನಕಾಂಬರದ ಕೆಂಪು, ಒದ್ದೆ ಗೋಣಿಯ ಮೇಲೆ ಮಲ್ಲಿಗೆ ಮೊಗ್ಗಿನ ರಾಶಿ. “ಮೊಳ ಎಷ್ಟಕ್ಕಾ?”

“ಹಬ್ಬ ಅಲ್ವಾ, ಎಂಬತ್ತು. ತಗೊಳ್ಳಿ, ಗಟ್ಟಿಯಾಗಿ ಕಟ್ಟಿದೀನಿ.”

ಆಕೆಯ ಕೈ ನಿಲ್ಲುವುದಿಲ್ಲ. ಎರಡು ಮೊಗ್ಗು ಈ ಕಡೆ ತಲೆ, ಎರಡು ಆ ಕಡೆ ತಲೆ. ದಾರ ತೊಟ್ಟುಗಳ ಸುತ್ತ ಒಂದು ಸುತ್ತು, ಬೆರಳ ಮೇಲಿನಿಂದ ಒಂದು ಕುಣಿಕೆ, ಎಳೆತ. ದಾರ ಜಾರುವುದಿಲ್ಲ ಏಕೆ? ತನ್ನನ್ನು ತಾನು ದಾಟಿ ಹೋಗಲು ಅದಕ್ಕೆ ದಾರಿಯಿಲ್ಲ, ಅದಕ್ಕೆ. ನಾಲ್ಕನೆಯ ದಿಕ್ಕು ತೆರೆದಿದ್ದರೆ, ಜಯದೇವದಲ್ಲಿ ಒಂದು ರಸ್ತೆ ಇನ್ನೊಂದರ ಮೇಲೆ ಹಾರಿಹೋದಂತೆ, ಎಳೆ ಎಳೆಯನ್ನು ಮುಟ್ಟದೆ ಪಕ್ಕಕ್ಕೆ ಸರಿದುಬಿಡುತ್ತಿತ್ತು. ಅಲ್ಲಿ ದಾರದ ಯಾವ ಗಂಟೂ ನಿಲ್ಲದು. ಇದು ಸಾಧಿಸಿ ತೋರಿಸಿದ ಮಾತು. ಅಲ್ಲಿ ಮಾಲೆಯಿಲ್ಲ, ಜಡೆಯಿಲ್ಲ, ನೇಯ್ದ ಸೀರೆಯಿಲ್ಲ. ದಾರದ ಗಂಟು ನಿಲ್ಲುವುದು ನಮ್ಮ ಮೂರು ಆಯಾಮದಲ್ಲಿ ಮಾತ್ರ. ಎಂಬತ್ತು ರೂಪಾಯಿ ಕೊಟ್ಟು ಒಂದು ಮೊಳ ಮುಡಿದುಕೊಳ್ಳುತ್ತೇನೆ. ಕತ್ತಿನ ಹಿಂದೆ ಮೊಗ್ಗುಗಳ ತಂಪು.

ನಾಲ್ಕನೆಯ ದಿಕ್ಕನ್ನು ನಾನು ಕಂಡೆನೇ? ಇಲ್ಲ. ಆದರೆ ಬೆಳಿಗ್ಗೆ ಅದು ಬರೀ ಮಾತಾಗಿತ್ತು. ಈಗ ಅದರ ಮೂಲೆ ಎಷ್ಟು, ಓರೆ ಎಷ್ಟು, ಅಲ್ಲಿ ಏನು ಬಿಚ್ಚಿಹೋಗುತ್ತದೆ, ಏನು ಮಗುಚುತ್ತದೆ ಎಂದು ಹೇಳಬಲ್ಲೆ.

ಓದುವ ನಿಮ್ಮಲ್ಲಿ ಒಂದು ಕೋರಿಕೆ. ನಾಳೆ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದ ಮೇಲೆ ಇದನ್ನು ಬರೆಯಿರಿ. ನಡುವಿನಿಂದ ಎಂಟು ದಿಕ್ಕಿಗೆ ಸಮ ಅಂತರದಲ್ಲಿ ಎಂಟು ಸಾಲು. ಪ್ರತಿ ಸಾಲಿನಲ್ಲೂ ನಡುವಿನಿಂದ ಐದು ಇಂಚಿಗೆ ಒಂದು ಚುಕ್ಕಿ, ಹನ್ನೆರಡು ಇಂಚಿಗೆ ಒಂದು ಚುಕ್ಕಿ. ಹೊರಚುಕ್ಕಿಗಳನ್ನು ಪಕ್ಕದ ಹೊರಚುಕ್ಕಿಗಳಿಗೆ ಸೇರಿಸಿ. ಪ್ರತಿ ಹೊರಚುಕ್ಕಿಯಿಂದ ಎಡಬಲದ ಸಾಲುಗಳ ಒಳಚುಕ್ಕಿಗೆ ಒಂದೊಂದು ಗೆರೆ ಎಳೆಯಿರಿ. ಕೊನೆಗೆ ಒಳಚುಕ್ಕಿಗಳನ್ನು ನಡುವೆ ಎರಡೆರಡು ಬಿಟ್ಟು ಮೂರನೆಯದಕ್ಕೆ ಸೇರಿಸುತ್ತಾ ಸುತ್ತು ಮುಗಿಸಿ. ಗೆರೆಗಳೆಲ್ಲ ಒಂಬತ್ತು ಇಂಚಿಗಿಂತ ಚೂರೇ ಉದ್ದ ಬರುತ್ತವೆ. ಎಣಿಸಿ ನೋಡಿ, ಮೂವತ್ತೆರಡು ಇರಬೇಕು.